ಒಂದೇ ರೈಫಲಿಗೆ ಒಂದೇ ತೋಟಾ: ಯಾವುದನ್ನು ಆರಿಸಬೇಕು?

ಎಲ್ಲ ಕೆಲಸಕ್ಕೂ ಒದಗುವ ಒಂದೇ ತೋಟಾ ಯಾವುದು ಎಂಬ ಪ್ರಶ್ನೆಯನ್ನು ಮೈಸೂರು, ಮಂಡ್ಯದ ಕಡೆ ಮೂರು ಬಗೆಯ ಜನ ಕೇಳುತ್ತಾರೆ. ಎನ್.ಸಿ.ಸಿ. ಶಿಬಿರದಲ್ಲಿ ನಾಲ್ಕು ಈಡು ಹೊಡೆದು ಬಂದ ಮಗನೋ ಮಗಳೋ ರೈಫಲ್ ಶೂಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಾಗ ಕೇಳುವ ತಂದೆತಾಯಿ ಮೊದಲನೆಯವರು. ಕಾಡಂಚಿನ ಹೊಲಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದ, ಇಲ್ಲವೇ ತಂದೆಯ ಕಾಲದ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ರೈತರು ಎರಡನೆಯವರು. ಅಮೆರಿಕದಲ್ಲೋ ನ್ಯೂಜಿಲೆಂಡಿನಲ್ಲೋ ನೆಲೆಸಿ, ಅಲ್ಲಿನ ಕಾನೂನಿನಂತೆ ಪರವಾನಗಿ ಪಡೆದು ಬೇಟೆಗೆ ಹೋಗುವ ನಮ್ಮ ಊರಿನವರು ಮೂರನೆಯವರು. ಪ್ರಶ್ನೆ ಒಂದೇ ಆದರೂ ಮೂವರಿಗೂ ಸಲ್ಲುವ ಉತ್ತರ ಒಂದೇ ಅಲ್ಲ. ತೋಟಾದ ವೇಗ ಮತ್ತು ಬಲದ ಪಟ್ಟಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ವಾದಿಸುವವರನ್ನು ಕಂಡಾಗಲೆಲ್ಲ ನನಗನ್ನಿಸುವುದು ಇಷ್ಟು: ಕಾನೂನು ಏನು ಹೇಳುತ್ತದೆ, ಅಭ್ಯಾಸಕ್ಕೆ ಸಾಕಾಗುವಷ್ಟು ತೋಟಾ ಸಿಗುತ್ತದೆಯೇ, ಗುರಿ ದಾಟಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬ ಮೂರು ಮಾತುಗಳನ್ನು ಮೊದಲು ಕೇಳಿಕೊಂಡರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಅಳಿಸಿಹೋಗುತ್ತದೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿದೆ. ಬಂಡೀಪುರ, ನಾಗರಹೊಳೆಯ ಒಳಗೆ ಮಾತ್ರ ಈ ನಿಷೇಧ ಎಂದು ತಿಳಿದವರು ಇನ್ನೂ ಇದ್ದಾರೆ. ಮದ್ದೂರಿನ ಕಬ್ಬಿನ ಗದ್ದೆಗೂ ಅದು ಅಷ್ಟೇ ಅನ್ವಯಿಸುತ್ತದೆ. ಬೆಳೆಗೋ ಜೀವಕ್ಕೋ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ 11ನೇ ಸೆಕ್ಷನ್ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು, ಅಷ್ಟೇ. ಬೆಳೆ ರಕ್ಷಣೆಗೆಂದು ಕೊಟ್ಟ ಬಂದೂಕಿನ ಲೈಸೆನ್ಸು ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. ಅವೆರಡೂ ಬೇರೆ ಬೇರೆ ಇಲಾಖೆಗಳಿಂದ ಬರುವ ಬೇರೆ ಬೇರೆ ಕಾಗದಗಳು. ಇನ್ನು ಬಂದೂಕಿನ ವಿಷಯಕ್ಕೆ ಬಂದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಬಳಿಕ ಸಾಮಾನ್ಯ ಲೈಸೆನ್ಸುದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಒಂದೊಂದು ಕೆಲಸಕ್ಕೆ ಒಂದೊಂದು ರೈಫಲ್ ಇಟ್ಟುಕೊಳ್ಳುವ ದಾರಿ ಇಲ್ಲದಿರುವುದರಿಂದಲೇ ಒಂದೇ ತೋಟಾದ ಪ್ರಶ್ನೆಗೆ ನಮ್ಮಲ್ಲಿ ಇಷ್ಟು ಬೆಲೆ.

ತೋಟಾ ಎಂದರೆ ಹಿತ್ತಾಳೆಯ ಕೊಳವೆ, ಅದರ ಒಳಗಿನ ಮದ್ದು, ಬುಡದಲ್ಲಿ ಕಿಡಿ ಹತ್ತಿಸುವ ಪ್ರೈಮರ್, ಬಾಯಲ್ಲಿ ಕೂತ ಗುಂಡು, ಈ ನಾಲ್ಕೂ ಸೇರಿದ ವಸ್ತು. ಹೆಸರಿನಲ್ಲಿರುವ .22, .30, .315 ಎಂಬ ಅಂಕಿಗಳು ಹೆಚ್ಚು ಕಡಿಮೆ ನಳಿಗೆಯ ಅಗಲವನ್ನು, ಅಂದರೆ ಬೋರನ್ನು, ಇಂಚಿನಲ್ಲಿ ಹೇಳುತ್ತವೆ; .30-06ರ ಕೊನೆಯ 06 ಮಾತ್ರ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ 1906ನೇ ಇಸವಿ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ರೂಢಿ, ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಒಂದೇ ಅಗಲದ ಎರಡು ತೋಟಾಗಳ ನಡುವೆ ಆನೆ-ಆಡಿನ ಅಂತರವಿರಬಹುದು ಎಂಬುದನ್ನು ಹೊಸಬರು ನೆನಪಿಡಬೇಕು: .22 ಲಾಂಗ್ ರೈಫಲ್ ಮತ್ತು .223 ರೆಮಿಂಗ್ಟನ್‌ಗಳ ಗುಂಡಿನ ಅಗಲ ಬಹುತೇಕ ಒಂದೇ, ಆದರೆ ಎರಡನೆಯದರ ಬಲ ಮೊದಲನೆಯದರ ಸುಮಾರು ಹತ್ತು ಪಟ್ಟು.

ಗುರಿ ಅಭ್ಯಾಸಕ್ಕೆ

ಹಲಗೆಗೆ ಗುರಿಯಿಟ್ಟು ಹೊಡೆಯುವುದೇ ಉದ್ದೇಶವಾದವರಿಗೆ .22 ಲಾಂಗ್ ರೈಫಲ್ ಬಿಟ್ಟು ಬೇರೆ ಯಾವುದನ್ನೂ ನಾನು ಸೂಚಿಸಲಾರೆ. 1887ರಿಂದ ಬಳಕೆಯಲ್ಲಿರುವ ಈ ಪುಟ್ಟ ತೋಟಾದಲ್ಲಿ ಪ್ರತ್ಯೇಕ ಪ್ರೈಮರ್ ಇಲ್ಲ. ಬುಡದ ಅಂಚಿನ ಮಡಿಕೆಯೊಳಗೇ ಕಿಡಿಯ ಮದ್ದನ್ನು ತುಂಬಿರುತ್ತಾರೆ, ಪಿನ್ನು ಆ ಅಂಚನ್ನು ಕುಟ್ಟಿದರೆ ಸಾಕು. ಹೊಡೆದ ಖಾಲಿ ಕೊಳವೆಯನ್ನು ಎತ್ತಿ ನೋಡಿದರೆ ಅಂಚಿನ ಒಂದು ಕಡೆ ಸಣ್ಣ ಗೀರಿನಂಥ ತಗ್ಗು ಕಾಣುತ್ತದೆ. ಈ ರಚನೆಯ ಕಾರಣಕ್ಕೇ ಇದನ್ನು ಮನೆಯಲ್ಲಿ ಮರುತುಂಬಿಸಲಾಗದು, ಅದೇ ಕಾರಣಕ್ಕೆ ಅಗ್ಗವಾಗಿ ತಯಾರಿಸಲೂ ಆಗುತ್ತದೆ. 40 ಗ್ರೇನಿನ ಸೀಸದ ಗುಂಡು, ಭುಜಕ್ಕೆ ತಾಕಿತೆಂದೇ ಅನ್ನಿಸದ ಒದೆತ, ಕಿವಿಗೆ ಸಹ್ಯವಾದ ಸದ್ದು ಇದರ ಲಕ್ಷಣಗಳು. ದೊಡ್ಡ ತೋಟಾದಿಂದ ಕಲಿಯಲು ತೊಡಗಿದವರು ಟ್ರಿಗರ್ ಎಳೆಯುವ ಮುನ್ನವೇ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಚಾಳಿ ಅಂಟಿಸಿಕೊಳ್ಳುತ್ತಾರೆ. ಒಮ್ಮೆ ಅಂಟಿದ ಆ ಚಾಳಿಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಪಂದ್ಯದ ದರ್ಜೆಯ .22 ತೋಟಾಗಳ ವೇಗವನ್ನು ಬೇಕೆಂದೇ ಸೆಕೆಂಡಿಗೆ 1050ರಿಂದ 1080 ಅಡಿಯ ಆಸುಪಾಸಿನಲ್ಲಿ, ಅಂದರೆ ಶಬ್ದದ ವೇಗಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಶಬ್ದಕ್ಕಿಂತ ವೇಗವಾಗಿ ಹೊರಟ ಗುಂಡು ನಡುದಾರಿಯಲ್ಲಿ ಆ ಮಿತಿಗಿಂತ ಕೆಳಗಿಳಿಯುವಾಗ ಅದರ ಓಟ ಕದಡಬಹುದು, 50 ಮೀಟರಿನ ಗುರಿಗೆ ಅದು ಸಲ್ಲದು. ಆ ಗುರಿಯ ಮಧ್ಯದ ಹತ್ತಂಕದ ವೃತ್ತ ಕೇವಲ 10.4 ಮಿ.ಮೀ., ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ ಅಗಲ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಒಂದೇ ಕಂಪನಿಯ ಒಂದೇ ದರ್ಜೆಯ ತೋಟಾದಲ್ಲೂ ಒಂದು ಲಾಟಿಗೂ (ಒಮ್ಮೆಗೆ ತಯಾರಾದ ಕಂತಿಗೂ) ಇನ್ನೊಂದಕ್ಕೂ ವ್ಯತ್ಯಾಸವಿರುವುದರಿಂದ, ಗಂಭೀರ ಸ್ಪರ್ಧಿಗಳು ತಮ್ಮ ನಳಿಗೆಗೆ ಒಗ್ಗುವ ಲಾಟನ್ನು ಹುಡುಕಿ ಅದನ್ನೇ ಸಾಧ್ಯವಾದಷ್ಟು ಕೊಂಡಿಟ್ಟುಕೊಳ್ಳುತ್ತಾರೆ.

ಇದಕ್ಕೂ ಹಿಂದಿನ ಮೆಟ್ಟಿಲು ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರನ್ನೂ 20 ಜೂಲ್ ಬಲವನ್ನೂ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರಿನ ಏರ್ ರೈಫಲಿನಲ್ಲೇ ಎಂಬುದನ್ನು ನೆನೆದರೆ ಅದನ್ನು ಆಟಿಕೆ ಎನ್ನುವ ಧೈರ್ಯ ಯಾರಿಗೂ ಬಾರದು. ಮಕ್ಕಳಿಗೆ ಕಲಿಸುವ ತಂದೆತಾಯಿ ಅಲ್ಲಿಂದಲೇ ಶುರು ಮಾಡಲಿ. ಹದಿನೆಂಟು ದಾಟಿದವರಿಗೆ ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ಏರ್ಪಡಿಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳೂ ಉಪಯುಕ್ತ. ಬಂದೂಕನ್ನು ಸುರಕ್ಷಿತವಾಗಿ ಹಿಡಿಯಲು ಕಲಿತ ಪ್ರಮಾಣಪತ್ರವನ್ನು ಲೈಸೆನ್ಸಿನ ಅರ್ಜಿಯ ಜೊತೆ ಕೇಳುತ್ತಾರೆ.

ಹೊಲದ ಕಾವಲಿಗೆ

ಇಲ್ಲಿ ಹೋಲಿಸಬೇಕಾದದ್ದು ಮುಖ್ಯವಾಗಿ ಮೂರು: .315, .30-06, ಮತ್ತು ರೈಫಲೇ ಅಲ್ಲದ, ಒಮ್ಮೆಗೆ ಹಲವು ಉರುಟು ಗುಂಡುಗಳನ್ನು ಚಿಮ್ಮಿಸುವ 12 ಬೋರ್ ಕೋವಿ.

.315 ನಮ್ಮ ದೇಶದ ಲೈಸೆನ್ಸ್ ವ್ಯವಸ್ಥೆಯೇ ಬೆಳೆಸಿದ ತೋಟಾ. ಬ್ರಿಟಿಷರ ಕಾಲದಲ್ಲಿ ಸೇನೆಯ .303 ತೋಟಾ ಜನಸಾಮಾನ್ಯರ ಕೈಸೇರಬಾರದೆಂದು ಅದನ್ನು ನಿಷೇಧಿತ ಬೋರ್ ಮಾಡಿದರು. ಬೇಟೆಗೂ ಕಾವಲಿಗೂ ಬೇರೆ ತೋಟಾ ಬೇಕಾದಾಗ ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾ .315 ಎಂಬ ಹೆಸರಿನಲ್ಲಿ ನೆಲೆಯೂರಿತು. ಪಶ್ಚಿಮ ಬಂಗಾಳದ ಇಚಾಪುರದ ಕಾರ್ಖಾನೆ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟಿನ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಸರಳಿನ) ಮೇಲೆ ಇದರ ರೈಫಲನ್ನು ಮಾಡುತ್ತ ಬಂದಿದೆ, ತೋಟಾ ಪುಣೆಯ ಖಡ್ಕಿಯಿಂದ ಬರುತ್ತದೆ, ಬುಡದಲ್ಲಿ ಕೆ.ಎಫ್. ಎಂದು ಕೊರೆದಿರುವುದು ಆ ಊರಿನ ಗುರುತು. 244 ಗ್ರೇನಿನ ಭಾರದ ಗುಂಡು ಸೆಕೆಂಡಿಗೆ ಸುಮಾರು 2000 ಅಡಿ ವೇಗದಲ್ಲಿ ಹೊರಡುತ್ತದೆ, ಬಲ 2100 ಅಡಿ-ಪೌಂಡ್‌ಗಿಂತ ತುಸು ಮೇಲೆ. ಈಗಿನ ತೋಟಾಗಳ ಮುಂದೆ ಇದು ನಿಧಾನ. ನೂರು ಗಜಕ್ಕೆ ಸರಿಯಾಗಿ ತಾಗುವಂತೆ ಗುರಿ ಕಟ್ಟಿದ ರೈಫಲಿನಲ್ಲಿ ಇನ್ನೂರು ಗಜ ಹೊಡೆದರೆ ಗುಂಡು ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ಬುಡದಲ್ಲಿ ಹೊರಚಾಚಿದ ಅಂಚಿರುವುದರಿಂದ ಮ್ಯಾಗಜಿನ್ನಿಗೆ ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದಕ್ಕೆ ಕೂತಿದೆಯೇ ಎಂದು ನೋಡಬೇಕು. ಹಿಂದುಮುಂದಾಗಿ ಕೂತರೆ ಬೋಲ್ಟು ಮುಂದೂಡಿದಾಗ ಎರಡೂ ಸಿಕ್ಕಿಕೊಳ್ಳುತ್ತವೆ.

.30-06 ಎಲ್ಲ ಲೆಕ್ಕದಲ್ಲೂ ಇದಕ್ಕಿಂತ ಮೇಲು. 180 ಗ್ರೇನಿನ ಗುಂಡು ಸೆಕೆಂಡಿಗೆ 2700 ಅಡಿ, ಬಲ 2900 ಅಡಿ-ಪೌಂಡ್. ಇಚಾಪುರದಲ್ಲಿ ಇದರ ರೈಫಲೂ ತಯಾರಾಗಿದೆ. ಆದರೆ ಕೊಳ್ಳುವ ಮೊದಲು ತಮ್ಮ ಊರಿನ ಬಂದೂಕಿನಂಗಡಿಯಲ್ಲಿ ತೋಟಾದ ದಾಸ್ತಾನನ್ನು ವಿಚಾರಿಸಿಯೇ ಮುಂದುವರಿಯಬೇಕು, ಏಕೆಂದರೆ ಲೈಸೆನ್ಸಿನಲ್ಲಿ ವರ್ಷಕ್ಕೆ ಎಷ್ಟು ತೋಟಾ, ಒಮ್ಮೆಗೆ ಎಷ್ಟು ಎಂದು ಬರೆದಿರುವ ಲೆಕ್ಕವನ್ನು ಅಂಗಡಿಯಲ್ಲಿ ಇಲ್ಲದ ಸರಕಿನಿಂದ ತುಂಬಿಸಲಾಗದು. ದಾಸ್ತಾನಿನ ದೃಷ್ಟಿಯಿಂದ ನಮ್ಮಲ್ಲಿ .315 ಮತ್ತು 12 ಬೋರ್‌ಗಳೇ ವಾಸಿ.

ಈಗ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬ ಮಾತು. ಮಂಡ್ಯದ ನೀರಾವರಿ ಸೀಮೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೆಲ ಬಹುಪಾಲು ಮಟ್ಟ, ಕಬ್ಬು ಆಳೆತ್ತರ, ಒಂದು ಊರಿಗೂ ಇನ್ನೊಂದು ಊರಿಗೂ ಒಂದೆರಡು ಮೈಲಿ. ರಾತ್ರಿ ನೀರು ಕಟ್ಟಲು ಗದ್ದೆಗೆ ಬರುವವರು, ಆಲೆಮನೆಯಲ್ಲಿ ಮಲಗಿರುವವರು, ಬದುವಿನ ಮೇಲೆ ಬೈಕಿನಲ್ಲಿ ಹೋಗುವವರು ಯಾರೂ ಕತ್ತಲಲ್ಲಿ ಕಾಣುವುದಿಲ್ಲ. .30-06 ಗುಂಡು ತಕ್ಕ ಕೋನದಲ್ಲಿ ಹಾರಿದರೆ ಮೂರು ಮೈಲಿಯಾಚೆ ಬೀಳಬಲ್ಲದು, ಯಾರೂ ಲೆಕ್ಕಕ್ಕಿಡದ .22 ಕೂಡ ಒಂದೂಕಾಲು ಮೈಲಿಯವರೆಗೆ ಅಪಾಯಕಾರಿ. ಕಬ್ಬಿನ ಜಲ್ಲೆ ರೈಫಲ್ ಗುಂಡನ್ನು ತಡೆಯುವುದಿಲ್ಲ, ನಾಲೆಯ ನೀರಿಗೆ ಓರೆಯಾಗಿ ತಾಗಿದ ಗುಂಡು ಪುಟಿದು ದಿಕ್ಕು ಬದಲಿಸುತ್ತದೆ. ಆದುದರಿಂದ ಈ ಸೀಮೆಯಲ್ಲಿ ಹೆಚ್ಚು ಬಲದ ತೋಟಾ ಉತ್ತಮ ಎಂಬ ತರ್ಕವೇ ತಲೆಕೆಳಗು.

ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿದ್ದು, ದೂರ ಮೂವತ್ತು ನಲವತ್ತು ಗಜ ಮೀರದಿದ್ದಾಗ, ದಪ್ಪ ಗುಂಡುಗಳನ್ನು ತುಂಬಿದ 12 ಬೋರಿನ ಎಸ್.ಜಿ. ಅಥವಾ ಎಲ್.ಜಿ. ತೋಟಾ ರೈಫಲಿಗಿಂತ ಸೂಕ್ತ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಉರುಟಾದ ಗುಂಡುಗಳು ಬೇಗ ವೇಗ ಕಳೆದುಕೊಳ್ಳುತ್ತವೆ, ಅವುಗಳ ದೌರ್ಬಲ್ಯವೇ ಇಲ್ಲಿ ನೆರೆಹೊರೆಯವರ ರಕ್ಷಣೆ. ಹಾಗೆಂದು ಅವೂ ನೂರಾರು ಗಜ ಹಾರುತ್ತವೆ ಎಂಬುದನ್ನು ಮರೆಯಬಾರದು. ಯಾವ ಬಂದೂಕಾದರೂ ಅಟ್ಟಣೆಯ ಮೇಲಿನಿಂದ ಕೆಳಮುಖವಾಗಿ ಹೊಡೆಯುವುದಕ್ಕೂ ನೆಲದ ಮೇಲೆ ನಿಂತು ಹೊಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ: ಹತ್ತು ಹನ್ನೆರಡು ಅಡಿ ಎತ್ತರದ ಅಟ್ಟಣೆಯಿಂದ ಮೂವತ್ತು ಗಜದ ಗುರಿಗೆ ಹೊಡೆದ ಗುಂಡು ತಪ್ಪಿದರೂ ಕೆಲವೇ ಗಜ ಆಚೆ ಮಣ್ಣು ಹೊಗುತ್ತದೆ, ನೆಲದಿಂದ ಹೊಡೆದದ್ದು ಮುಂದಿನ ಊರಿನ ದಿಕ್ಕಿಗೆ ಹೋಗುತ್ತದೆ. ಹುಣಸೂರು, ಎಚ್.ಡಿ. ಕೋಟೆಯ ಕಡೆ ಏರುತಗ್ಗಿನ ಹೊಲಗಳಲ್ಲಿ ಹಿಂದೆ ಮಣ್ಣಿನ ದಿಬ್ಬವಿರುವ ಜಾಗ ಸಿಕ್ಕರೆ .315ಕ್ಕೆ ಅವಕಾಶವಿದೆ. ಹಂದಿಯನ್ನು ಬೆದರಿಸಿ ಓಡಿಸುವುದಷ್ಟೇ ಉದ್ದೇಶವಾದರೆ ಪಟಾಕಿ, ಸೋಲಾರ್ ಬೇಲಿ ಸಾಕು. ಅದಕ್ಕೆ ತೋಟಾ ಸುಡುವ ಅಗತ್ಯವೇ ಇಲ್ಲ.

ಹೊರದೇಶದಲ್ಲಿ ಬೇಟೆಗೆ

ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಆಯ್ಕೆ ದೊಡ್ಡದು, ವಾದವೂ ಅಷ್ಟೇ ದೊಡ್ಡದು. ಒಂದು ವಿಚಿತ್ರವೆಂದರೆ ಬಂಡೀಪುರದಲ್ಲಿ ಸಫಾರಿ ಬಸ್ಸಿನಿಂದ ನಾವು ನೋಡುವ ಚುಕ್ಕೆ ಜಿಂಕೆ, ಉತ್ತರದ ಬಯಲುಗಳ ನೀಲಗಾಯ್, ಕೃಷ್ಣಮೃಗ ಈ ಮೂರನ್ನೂ ಟೆಕ್ಸಾಸಿಗೆ ಒಯ್ದು ಬಿಟ್ಟಿದ್ದಾರೆ, ಅಲ್ಲಿ ಅವುಗಳ ಬೇಟೆ ನ್ಯಾಯಬದ್ಧ. ಹಿಮಾಲಯದ ತಾರ್ ಆಡು ನ್ಯೂಜಿಲೆಂಡಿನ ಬೆಟ್ಟಗಳಲ್ಲಿದೆ. ಎಂಬತ್ತು ಕಿಲೋದ ಚುಕ್ಕೆ ಜಿಂಕೆಯಿಂದ ಇನ್ನೂರು ಕಿಲೋ ಮೀರುವ ನೀಲಗಾಯ್‌ವರೆಗೆ ಒಂದೇ ತೋಟಾ ಸಾಕೇ ಎಂಬುದು ಅಲ್ಲಿನವರ ನಿಜವಾದ ಪ್ರಶ್ನೆ.

.270 ವಿಂಚೆಸ್ಟರ್ 1925ರದು. 130 ಗ್ರೇನಿನ ಗುಂಡು ಸೆಕೆಂಡಿಗೆ 3060 ಅಡಿ ವೇಗದಲ್ಲಿ ಹೊರಟು ದೂರದವರೆಗೂ ಹೆಚ್ಚು ಬಾಗದೆ ಹೋಗುತ್ತದೆ. ಬಯಲಿನ ಜಿಂಕೆಗೆ ಇದಕ್ಕಿಂತ ಹಿತವಾದದ್ದು ಕಡಿಮೆ, ಭಾರದ ಪ್ರಾಣಿಗೆ ಮಾತ್ರ ಗುಂಡಿನ ತೂಕ ಸಾಲದು ಎನ್ನಿಸಬಹುದು. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಉದ್ದನೆಯ, ಗಾಳಿಗೆ ಅಷ್ಟಾಗಿ ಜಗ್ಗದ ಗುಂಡಿನಿಂದಾಗಿ ದೂರದ ಗುರಿ ಹೊಡೆಯುವವರ ಮೆಚ್ಚಿನದಾಯಿತು. ಒದೆತ ಸುಮಾರು 12 ಅಡಿ-ಪೌಂಡ್, ತೆಳುಮೈಯವರೂ ಸುಖವಾಗಿ ಹೊಡೆಯಬಹುದು. ಬಲ 2300 ಅಡಿ-ಪೌಂಡಿನ ಸುತ್ತ ಇರುವುದರಿಂದ ಜಿಂಕೆಗೆ ಧಾರಾಳ, ನೀಲಗಾಯ್‌ಗೆ ಹತ್ತಿರದಿಂದ, ಜಾಗ ನೋಡಿ ಹೊಡೆದರೆ ಮಾತ್ರ. .223ನ್ನು ಈ ಪಟ್ಟಿಯಿಂದ ಹೊರಗಿಡುತ್ತೇನೆ; ನರಿ, ಮೊಲಗಳಿಗೆ ಅದು ಸರಿ, ಜಿಂಕೆಗೆ ಹಲವೆಡೆ ಕಾನೂನೇ ಒಪ್ಪದು. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗೆ ಕನಿಷ್ಠ .240 ಅಗಲ, 1700 ಅಡಿ-ಪೌಂಡ್ ಬಲ ಕಡ್ಡಾಯ.

ಉಳಿದದ್ದು .30ರ ಎರಡು ತೋಟಾಗಳು. 1952ರ .308 ವಿಂಚೆಸ್ಟರ್, .30-06ರ ಕೊಳವೆಯನ್ನು 63 ಮಿ.ಮೀ.ನಿಂದ 51ಕ್ಕೆ ಮೊಟಕು ಮಾಡಿದಂತಿದೆ. ಹೊಸ ಮದ್ದು ಬಂದಿದ್ದರಿಂದ ಮೊಟಕಾದರೂ ವೇಗದಲ್ಲಿ ಹಿಂದೆ ಬಿದ್ದದ್ದು ಒಂದೇ ತೂಕದ ಗುಂಡಿಗೆ ಸೆಕೆಂಡಿಗೆ ನೂರು ಅಡಿಯಷ್ಟೇ. ಯಾವ ಜಿಂಕೆಯೂ ಆ ನೂರು ಅಡಿಯ ವ್ಯತ್ಯಾಸವನ್ನು ಗುರುತಿಸಲಾರದು. ಬೋಲ್ಟಿನ ಓಟ ಗಿಡ್ಡ, ರೈಫಲ್ ಹಗುರ, ಪಂದ್ಯದ ದರ್ಜೆಯ ತೋಟಾ ಎಲ್ಲೆಡೆ ಲಭ್ಯ. ಶನಿವಾರ ರೇಂಜಿನಲ್ಲಿ ಗುರಿ ಹೊಡೆದು, ಋತು ಬಂದಾಗ ಜಿಂಕೆಗೂ ಹಂದಿಗೂ ಹೋಗುವವರಿಗೆ ನಾನು .308 ಅನ್ನೇ ಹೇಳುತ್ತೇನೆ. ಆದರೆ ರೇಂಜಿನ ಹಂಗಿಲ್ಲದೆ ನೀಲಗಾಯ್, ಎಲ್ಕ್, ಮೂಸ್‌ಗಳಂಥ ಭಾರದ ಪ್ರಾಣಿಗಳ ಮೇಲೇ ಕಣ್ಣಿರುವವರಿಗೆ .30-06 ಮೇಲು, 110 ಗ್ರೇನಿನಿಂದ 220 ಗ್ರೇನಿನವರೆಗೆ ಗುಂಡುಗಳು ಸಿಗುತ್ತವೆ, 200 ದಾಟಿದ ಗುಂಡುಗಳಲ್ಲಿ ಅದರ ಉದ್ದ ಕೊಳವೆಯ ಲಾಭ ಎದ್ದು ಕಾಣುತ್ತದೆ. ಎಂಟು ಪೌಂಡಿನ ರೈಫಲಿನಲ್ಲಿ ಅದರ ಒದೆತ 20 ಅಡಿ-ಪೌಂಡಿನಷ್ಟು, ಹೆಚ್ಚಿನವರು ತಡೆದುಕೊಳ್ಳುವ ಮಿತಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕಿಂತ ಮೇಲಿನ, ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್‌ಗಳನ್ನು ಕೊಂಡು ವರ್ಷಕ್ಕೆ ಹತ್ತು ತೋಟಾ ಹೊಡೆಯುವವರಿಗಿಂತ .308ರಲ್ಲಿ ಇನ್ನೂರು ಹೊಡೆಯುವವರ ಗುರಿ ಚೆನ್ನಾಗಿರುತ್ತದೆ.

.308 ಕೊಂಡವರು ಊರಿಗೆ ಮರಳುವಾಗ ಅದನ್ನು ತರುವ ಆಸೆ ಬಿಡಬೇಕು. 1980ರ ದಶಕದಿಂದ ಖಾಸಗಿ ಆಮದಿಗೆ ಬಿಗಿಯಾದ ನಿರ್ಬಂಧವಿದೆ. ಜೊತೆಗೆ ಆ ತೋಟಾ ಸೇನೆಯ 7.62 ಮಿ.ಮೀ. ತೋಟಾದ ಅವಳಿ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯಾಡುವವರಿಗೆ ಇನ್ನೊಂದು ಷರತ್ತಿದೆ, 2019ರ ಜುಲೈನಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ ಗುಂಡು ಯಾವ ತೂಕದಲ್ಲಿ ಸಿಗುತ್ತದೆ ಎಂದು ನೋಡಿಯೇ ತೋಟಾ ಆರಿಸಬೇಕು.

ಆಫ್ರಿಕಾಕ್ಕೆ ಹೋಗುವ ಸ್ಥಿತಿವಂತರಿಗೆ 1912ರ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ಇದೆ, ಕಾಡುಕೋಣದಂಥ ಅಪಾಯದ ಪ್ರಾಣಿಗಳಿಗೆ ಅಲ್ಲಿನ ಹಲವು ದೇಶಗಳು ವಿಧಿಸುವ ಕನಿಷ್ಠ ಅಳತೆಯೂ ಅದೇ. ಇಡೀ ಭೂಮಂಡಲದ ಬೇಟೆಗೆ ಒಂದೇ ತೋಟಾ ಎಂದು ಅಕ್ಷರಶಃ ಕೇಳಿದರೆ ಉತ್ತರ ಇದೇ. ಅಷ್ಟನ್ನು ಕೇಳುವವರು ನಮ್ಮಲ್ಲಿ ಬೆರಳೆಣಿಕೆ.

ಮನೆಯಲ್ಲಿ ಹಳೆಯದಿದ್ದರೆ

ಮೈಸೂರಿನ ಕೆಲವು ಹಳೆಯ ಮನೆಗಳಲ್ಲಿ ಅಜ್ಜನ ಕಾಲದ .375, .405 ಅಥವಾ .423 ಮೌಸರ್ ರೈಫಲುಗಳು ಇನ್ನೂ ಇವೆ. ವ್ಯಾನ್ ಇಂಗೆನ್ ಸಂಸ್ಥೆಯವರು ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ದಿನಗಳ ಉಳಿಕೆ ಅವು. ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿಕೊಂಡದ್ದು .405 ವಿಂಚೆಸ್ಟರನ್ನು, ಕುಮಾವೂನಿನ ಜಿಮ್ ಕಾರ್ಬೆಟ್ ಬಳಿಯಿದ್ದದ್ದು .275 ರಿಗ್ಬಿ. ಮೊದಲನೆಯದು 300 ಗ್ರೇನಿನ ಗುಂಡನ್ನು ಸೆಕೆಂಡಿಗೆ 2200 ಅಡಿಯಲ್ಲಿ ತಳ್ಳುವ ಹತ್ತಿರದ ಅಸ್ತ್ರ, ಎರಡನೆಯದು ಅದರ ಅರ್ಧ ತೂಕದ ಗುಂಡಿನ ಹಗುರ ರೈಫಲು. ಇಬ್ಬರೂ ಹೆಸರಾದದ್ದು ನರಭಕ್ಷಕಗಳ ಬೆನ್ನುಹತ್ತಿದ ಬೇಟೆಗಾರರೆಂದು. ಇಂಥ ಬೋರಿನ ತೋಟಾ ಇಂದು ಸಿಗುವುದು ಅಪರೂಪ, ಸಿಕ್ಕರೂ ದುಬಾರಿ. ಅಜ್ಜನ ರೈಫಲನ್ನು ನೆನಪಿಗೆಂದು ಇಟ್ಟುಕೊಂಡರೆ ಎರಡರ ಮಿತಿಯಲ್ಲಿ ಒಂದು ಮುಗಿಯಿತು; ಬಳಸುವ ಉದ್ದೇಶವಿದ್ದರೆ .22 ಅಥವಾ 12 ಬೋರನ್ನು ಉಳಿಸಿಕೊಂಡು ಅಜ್ಜನದನ್ನು ಕಾನೂನಿನ ಪ್ರಕಾರ ಮಾರುವುದೋ ಒಪ್ಪಿಸುವುದೋ ಲೇಸು.

ಹಳೆಯ ರೈಫಲಿನ ಜೊತೆ ಪೆಟ್ಟಿಗೆಯಲ್ಲಿ ಸಿಗುವ ಹಳೆಯ ತೋಟಾಗಳನ್ನು ಮಾತ್ರ ಪರೀಕ್ಷಿಸದೆ ತುಂಬಬಾರದು. .315 ಮತ್ತು .303 ತೋಟಾಗಳು ಎರಡೂ ಅಂಚಿರುವಂಥವು, ಬರಿಗಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ; .308 ತೋಟಾ .30-06ರ ನಳಿಗೆಯೊಳಗೆ ಸಡಿಲವಾಗಿ ಇಳಿದುಬಿಡುತ್ತದೆ, ಹೊಡೆದರೆ ಕೊಳವೆ ಸೀಳಬಹುದು. ತೋಟಾದ ಬುಡದಲ್ಲಿ ಕೊರೆದ ಗುರುತೂ ನಳಿಗೆಯ ಮೇಲಿನ ಅಕ್ಷರವೂ ಲೈಸೆನ್ಸಿನಲ್ಲಿ ಬರೆದ ಬೋರೂ ಮೂರೂ ತಾಳೆಯಾಗಬೇಕು. ತಾಳೆಯಾಗದ ತೋಟಾವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಬಹುದಾದ್ದರಿಂದ ತಡಮಾಡದೆ ಠಾಣೆಗೆ ತಿಳಿಸಬೇಕು. ಕೊಂಡವರ ಲೈಸೆನ್ಸಿನಲ್ಲಿ ನಮೂದಿಸಿಯೇ ಮಾರುವ ಅಧಿಕೃತ ಅಂಗಡಿಯ ಹೊರತು ಬೇರೆಲ್ಲಿಂದಲೂ ಹೊಸದನ್ನು ಕೊಳ್ಳಬಾರದು.